ತೊಳೆಯುವ ಮೊದಲು ತೂಗಿ ನೋಡಿ
ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ನಾಣ್ಯ

ಈ ಸಲ ಆಯ್ದುಕೊಂಡ ಪತ್ರಗಳೆಲ್ಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳವು. ಎಲ್ಲರೂ ಫೋಟೊ ಕಳಿಸಿದ್ದಾರೆ, ತೂಕ ಬರೆದವರು ಇಬ್ಬರೇ. ನಾಣ್ಯದ ಮುಖ ನೋಡಿ ಹೆಸರು ಹೇಳಬಹುದು, ಆದರೆ ಅಸಲಿಯೋ ನಕಲಿಯೋ ಎಂಬುದು ತೂಕ, ಅಗಲ, ಅಂಚು ಮೂರೂ ಗೊತ್ತಾದ ಮೇಲೆಯೇ ತಿಳಿಯುವುದು. ಆದ್ದರಿಂದ ಮುಂದೆ ಬರೆಯುವವರು ಗ್ರಾಂನಲ್ಲಿ ಎರಡು ದಶಾಂಶದವರೆಗೆ ತೂಕ ಬರೆಯಿರಿ. ಯಾವ ಪತ್ತಾರರ ಅಂಗಡಿಯಲ್ಲಾದರೂ ತೂಗಿ ಕೊಡುತ್ತಾರೆ. ಎರಡೂ ಮುಖಗಳ ಜೊತೆ ಅಂಚಿನದೂ ಒಂದು ಫೋಟೊ ಇರಲಿ. ಫ್ಲ್ಯಾಶ್ ಬೇಡ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ತೆಗೆಯಿರಿ. ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ.

ಪ್ರಶ್ನೆ: ನಮ್ಮ ಆಯಿ ತೀರಿಕೊಂಡ ಮೇಲೆ ಅವರ ಗಂಟಿನಲ್ಲಿ 14 ಬೆಳ್ಳಿ ರೂಪಾಯಿ ಸಿಕ್ಕಾವ. ಒಂದು ಕಡೆ ಚಾರ್‌ಮಿನಾರ್, ಇನ್ನೊಂದು ಕಡೆ ಉರ್ದು ಅಕ್ಷರ. ಸರಾಫರು ಬೆಳ್ಳಿ ತೂಕದ ಮೇಲೆ ಕೇಳಲಿಕತ್ತಾರ. ಕೊಡಬಹುದೇನ್ರಿ? (ಆಳಂದ)

ಉತ್ತರ: ಕೊಡುವುದಾದರೂ ವಿಂಗಡಿಸದೆ ಕೊಡಬೇಡಿ. ಇವು ನಿಜಾಮರ 'ಹಾಲಿ ಸಿಕ್ಕಾ', ಅಂದರೆ ಹೈದರಾಬಾದ್ ಸಂಸ್ಥಾನದ ಸ್ವಂತ ಚಲಾವಣೆಯ ರೂಪಾಯಿಗಳು. ಹೈದರಾಬಾದಿನ ಟಂಕಸಾಲೆಯಲ್ಲಿ ಚಾರ್‌ಮಿನಾರಿನ ಚಿತ್ರ ಬಂದದ್ದು ಹಿಜರಿ 1321ರಲ್ಲಿ, ಅಂದರೆ 1903-04ರ ಹೊತ್ತಿಗೆ. ಅದಕ್ಕೂ ಹಿಂದಿನವು ಹೆಚ್ಚಾಗಿ ದಪ್ಪವಾಗಿ, ಅಂಚು ಸಮವಿಲ್ಲದೆ, ಬರೀ ಅಕ್ಷರಗಳಿಂದ ಇರುತ್ತಿದ್ದವು.

ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಚಾರ್‌ಮಿನಾರಿನ ನಡುವಿನ ಕಮಾನಿನೊಳಗೆ ನೋಡಿ. ಅಲ್ಲೊಂದು ಪುಟ್ಟ ಅಕ್ಷರ ಇದೆ. ಗುಂಡು ತಲೆ, ಕೆಳಗೆ ಇಳಿಬಿದ್ದ ಬಾಲ ಇದ್ದರೆ ಅದು 'ಮೀಮ್': 1911ರಲ್ಲಿ ತೀರಿಕೊಂಡ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು. ಬಾಯಿ ತೆರೆದ ಕೊಕ್ಕೆಯ ಹಾಗಿದ್ದರೆ 'ಐನ್': ಅವರ ಮಗ, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರದು. ಉಸ್ಮಾನ್ ಅಲಿ ಖಾನರ ಮೊದಲ ಒಂದೆರಡು ವರ್ಷದ ರೂಪಾಯಿಗಳಲ್ಲಿ ಈ ಐನ್ ಮೊಟಕಾಗಿ ತಲೆಯಷ್ಟೇ ಇದೆ, ಆಮೇಲಿನವುಗಳಲ್ಲಿ ಹೊಟ್ಟೆಯೂ ಸೇರಿ ಪೂರ್ತಿ ಇದೆ. ಈ ಸಣ್ಣ ವ್ಯತ್ಯಾಸವನ್ನು ಸರಾಫರು ನೋಡುವುದಿಲ್ಲ. ಸಂಗ್ರಹಕಾರರು ಮೊದಲು ನೋಡುವುದೇ ಅದನ್ನು. ಮಹಬೂಬ್ ಅಲಿ ಖಾನರ ಚಾರ್‌ಮಿನಾರ್ ಟಂಕಿಸಿದ್ದು ಎಂಟೊಂಬತ್ತು ವರ್ಷ ಮಾತ್ರ, ಆದ್ದರಿಂದ ಮೀಮ್ ಇದ್ದವನ್ನು ಬೇರೆ ತೆಗೆದಿಡಿ.

ಮುಂದೆ ಇಸವಿ. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿಯಾದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು. ನೆಟ್ಟಗಿನ ಗೆರೆ 1. ಗೆರೆಯ ತಲೆಗೆ ಒಂದು ಹಲ್ಲು ಇದ್ದರೆ 2, ಎರಡು ಹಲ್ಲು ಇದ್ದರೆ 3. ಬರೀ ಚುಕ್ಕೆ ಸೊನ್ನೆ. ತಲೆಕೆಳಗಾದ ಹೃದಯದಂತಿರುವುದು 5. ಬಾಯಿ ಮೇಲಾದ ಆಲಿಕೆಯಂತೆ (ಇಂಗ್ಲಿಷಿನ V) ಇದ್ದರೆ 7, ಮನೆಯ ಮಾಡಿನಂತೆ ಇದ್ದರೆ 8. ಒಂಬತ್ತು ಇಂಗ್ಲಿಷ್ ಅಂಕಿಯನ್ನೇ ಹೋಲುತ್ತದೆ. ನಾಲ್ಕು ಮತ್ತು ಆರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅಲ್ಲಿ ಓಣಿಯ ಉರ್ದು ಬಲ್ಲ ಹಿರಿಯರನ್ನು ಕೇಳುವುದೇ ವಾಸಿ. ಒಂದು ಎಚ್ಚರಿಕೆ: ನಾಣ್ಯದ ಮೇಲೆ 92 ಎಂದು ಕಂಡರೆ ಅದು ಇಸವಿಯಲ್ಲ. ಅರಬ್ಬೀ ಅಕ್ಷರಗಳಿಗೆ ಬೆಲೆ ಕಟ್ಟುವ ಅಬ್ಜದ್ ಲೆಕ್ಕದಲ್ಲಿ ಮುಹಮ್ಮದ್ ಎಂಬ ಹೆಸರಿನ ಮೊತ್ತ ಅದು. ಇನ್ನೊಂದು ಸಣ್ಣ ಅಂಕಿ 'ಜುಲೂಸ್' ಎಂಬ ಪದದ ಹತ್ತಿರ ಇರುತ್ತದೆ. ಅದು ನಿಜಾಮರು ಪಟ್ಟಕ್ಕೆ ಬಂದು ಎಷ್ಟನೆಯ ವರ್ಷ ಎಂಬುದು. ಪೂರ್ತಿ ನಾಲ್ಕಂಕಿಯದು ಹಿಜರಿ ಇಸವಿ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. 1329 ಎಂದಿದ್ದರೆ 1289ಕ್ಕೆ 622 ಕೂಡಿ 1911. ಆ ವರ್ಷವೇ ತಂದೆ ಹೋಗಿ ಮಗ ಪಟ್ಟಕ್ಕೆ ಬಂದದ್ದು, ಆದ್ದರಿಂದ 1329ರ ರೂಪಾಯಿಯಲ್ಲಿ ಮೀಮ್ ಇರುವುದೂ ಐನ್ ಇರುವುದೂ ಎರಡೂ ಸಿಗುತ್ತವೆ. ನಿಮ್ಮ 14ರಲ್ಲಿ ಆ ಜೋಡಿ ಇದ್ದರೆ ಎರಡನ್ನೂ ಒಟ್ಟಿಗೇ ಇಡಿ.

ಇನ್ನು ಬೆಳ್ಳಿಯ ಲೆಕ್ಕ. ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 81.8. ಅಂದರೆ ಒಂದರಲ್ಲಿ 9.14 ಗ್ರಾಂ ಶುದ್ಧ ಬೆಳ್ಳಿ, 14ರಲ್ಲಿ ಸುಮಾರು 128 ಗ್ರಾಂ. ಸವೆದಿದ್ದರೆ ಅಷ್ಟಷ್ಟು ಕಡಿಮೆ. ಮಾರುವ ದಿನದ ಪೇಟೆ ದರದಿಂದ ಗುಣಿಸಿದರೆ ನಿಮ್ಮ ನಾಣ್ಯಗಳ ತಳದ ಬೆಲೆ ಗೊತ್ತಾಗುತ್ತದೆ. ಅದಕ್ಕಿಂತ ಬಹಳ ಕಡಿಮೆ ಕೇಳಿದರೆ ಎದ್ದು ಬನ್ನಿ. ಎರಡನೆಯ ಮಹಾಯುದ್ಧದ ವರ್ಷಗಳ, ಅಂದರೆ ಹಿಜರಿ 1361ರಿಂದೀಚಿನ ರೂಪಾಯಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಮುಂದೆ ಸುರಪುರದವರಿಗೆ ಹೇಳಿರುವ ನೀರಿನ ಪರೀಕ್ಷೆ ಮಾಡಿ.

ತಳದ ಬೆಲೆಯ ಮೇಲೆ ಎಷ್ಟು ಎಂಬುದು ಸವೆತದ ಮೇಲೆ ನಿಂತಿದೆ. ಮಿನಾರುಗಳ ತುದಿ, ಕಮಾನಿನ ಸುತ್ತಲಿನ ಸೂಕ್ಷ್ಮ ಗೆರೆ ಎಲ್ಲಕ್ಕಿಂತ ಮೊದಲು ಸವೆಯುವ ಜಾಗ. ಅವು ಚೂಪಾಗಿದ್ದು, ನಾಣ್ಯವನ್ನು ಓರೆ ಮಾಡಿದಾಗ ಬೆಳಕು ಗಾಲಿಯ ಕಡ್ಡಿಗಳ ಹಾಗೆ ಸುತ್ತಿದರೆ ಅದು ಕೈಯಿಂದ ಕೈಗೆ ಹೋಗದ ನಾಣ್ಯ. ಅಂಥದ್ದನ್ನು ತೂಕಕ್ಕೆ ಕೊಡುವುದು ಸರಿಯಲ್ಲ. ಮಿನಾರುಗಳು ಬರೀ ಕಂಬಗಳಾಗಿ, ಕಮಾನಿನ ಅಕ್ಷರ ಅಳಿಸಿಹೋಗಿದ್ದರೆ ಬೆಳ್ಳಿ ಬೆಲೆಯೇ ಅದರ ಬೆಲೆ.

ಪ್ರಶ್ನೆ: ನಮ್ಮ ಹೊಲದ ಹಳೆಯ ಕಾಗದದ ಮೇಲೆ 1340 ಅಂತ ಇದೆ. ಮನೆಯಲ್ಲಿರೋ ನಿಜಾಮರ ನಾಣ್ಯದ ಮೇಲೂ 1340. ಎರಡೂ ಒಂದೇ ವರ್ಷದ್ದೇ? (ಶಹಾಪುರ)

ಉತ್ತರ: ಅಲ್ಲ. ಕಂದಾಯದ ಕಾಗದದಲ್ಲಿ ಇರುವುದು ಫಸಲಿ (ಕಂದಾಯಕ್ಕೆಂದು ಎಣಿಸುವ ವರ್ಷ), ನಾಣ್ಯದ ಮೇಲಿರುವುದು ಹಿಜರಿ. ಫಸಲಿಗೆ 590 ಕೂಡಿಸಿ: ಕಾಗದ 1930-31ರದು. ಹಿಜರಿ 1340 ಅಂದರೆ 1921-22. ನಡುವೆ ಒಂಬತ್ತು ವರ್ಷದ ಅಂತರ.

ಪ್ರಶ್ನೆ: ದೀಪಾವಳಿ ಲಕ್ಷ್ಮೀಪೂಜೆಗೆ ಪ್ರತಿವರ್ಷ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತೇವೆ. ಥಳಥಳ ಹೊಳೆಯುತ್ತವೆ. ಇದರಿಂದ ಬೆಲೆ ಕಡಿಮೆಯಾಗುತ್ತದೆ ಅಂತ ಒಬ್ಬರು ಹೇಳಿದರು. ನಿಜವೇ? (ಹುಮನಾಬಾದ್)

ಉತ್ತರ: ನಿಜ. ಈ ಪುಟಕ್ಕೆ ಬರುವ ನಾಣ್ಯಗಳಲ್ಲಿ ಹೆಚ್ಚು ಹಾಳಾಗಿರುವುದು ಕಳ್ಳರಿಂದಲ್ಲ, ತಿಕ್ಕುವುದರಿಂದ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಬೆಳ್ಳಿ ರೂಪಾಯಿ ಅಂದರೂ ಅದರೊಳಗೆ ತಾಮ್ರ ಇದೆ. ಹುಣಸೆಯ ಹುಳಿ ಮೇಲ್ಪದರದ ತಾಮ್ರವನ್ನು ಕರಗಿಸಿ ತೆಗೆಯುತ್ತದೆ. ಉಳಿಯುವುದು ಸುಣ್ಣ ಬಳಿದಂತಹ ಬಿಳುಪು, ಸಣ್ಣ ಸಣ್ಣ ರಂಧ್ರಗಳಿರುವ ಬೆಳ್ಳಿ. ಬೂದಿಯಲ್ಲಿ ಕಣ್ಣಿಗೆ ಕಾಣದ ಮರಳಿನ ಕಣಗಳಿವೆ, ಅವು ಗೀಚುತ್ತವೆ. ತಿಕ್ಕಿದ ನಾಣ್ಯವನ್ನು ಭೂತಗನ್ನಡಿಯಡಿ ಓರೆ ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಓಡಿರುತ್ತವೆ. ಕೊಳ್ಳುವವರು ಆ ಗೆರೆ ಕಂಡ ಕೂಡಲೇ ನಾಣ್ಯವನ್ನು ಕೆಳಗಿಡುತ್ತಾರೆ. ನೂರು ವರ್ಷ ನಿಧಾನವಾಗಿ ಏರಿದ ಬೂದು-ನೀಲಿ ಕಪ್ಪು ಬಣ್ಣ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕ ಬೆಳ್ಳಿಗೆ ತಾಗಿ ಆದ ತೆಳು ಪದರ. ಆ ಪದರ ಇದ್ದರೆ ಮೇಲ್ಮೈ ಮುಟ್ಟಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅಂಗಡಿಯಲ್ಲಿ ಸಿಗುವ ಪಾತ್ರೆಯ ಪುಡಿ, ಹಲ್ಲಿನ ಪೇಸ್ಟ್, ಪಾಲಿಶ್, ಅಡುಗೆ ಸೋಡಾ, ನಿಂಬೆಹಣ್ಣು ಇವೆಲ್ಲ ಇದೇ ಸಾಲಿಗೆ ಸೇರಿದವು.

ಈಗಾಗಲೇ ತಿಕ್ಕಿದ್ದಕ್ಕೆ ಔಷಧವಿಲ್ಲ. ಗಂಧಕ, ಮೊಟ್ಟೆ ಹಾಕಿ ಮತ್ತೆ ಕಪ್ಪು ಮಾಡುವವರಿದ್ದಾರೆ. ಅದು ಇನ್ನೂ ಕೆಡಿಸುತ್ತದೆ. ಹಾಗೇ ಬಿಟ್ಟರೆ ಹತ್ತಿಪ್ಪತ್ತು ವರ್ಷದಲ್ಲಿ ತಾನಾಗಿ ಬಣ್ಣ ಏರುತ್ತದೆ. ಸವೆದ ಸಾಮಾನ್ಯ ರೂಪಾಯಿಯಾದರೆ ದೊಡ್ಡ ನಷ್ಟವೇನಿಲ್ಲ, ಅದರ ಬೆಲೆ ಹೇಗೂ ಬೆಳ್ಳಿಯದೇ.

ಕುಂಕುಮ, ಅರಿಶಿನ, ಎಣ್ಣೆ ಜಿಡ್ಡು ಹಿಡಿದಿದ್ದರೆ ತೆಗೆಯುವ ಕ್ರಮ ಇದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಗಾಜಿನ ಬಟ್ಟಲಿಗೆ ಹಾಕಿ ನಾಣ್ಯವನ್ನು ಒಂದು ರಾತ್ರಿ ನೆನೆಸಿ. ಬಟ್ಟಲಿಗೆ ಒಂದೇ ನಾಣ್ಯ, ಒಂದರ ಮೇಲೊಂದು ಬೇಡ. ಬೆಳಿಗ್ಗೆ ನೀರು ಬದಲಿಸಿ ಇನ್ನೊಂದು ದಿನ ಬಿಡಿ. ಬೋರ್‌ವೆಲ್ ನೀರು ಬೇಡವೇ ಬೇಡ, ನಮ್ಮ ಕಡೆಯ ಗಡಸು ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ. ಜಿಡ್ಡು ಇನ್ನೂ ಉಳಿದರೆ ಪ್ರಯೋಗಾಲಯದ ರಾಸಾಯನಿಕ ಮಾರುವಲ್ಲಿ ಶುದ್ಧ ಅಸಿಟೋನ್ ತಂದು, ಗಾಜಿನ ಬಟ್ಟಲಿನಲ್ಲಿ ಹತ್ತು ನಿಮಿಷ ಮುಳುಗಿಸಿ. ಅಂಗಳದಲ್ಲಿ ಕುಳಿತು ಮಾಡಿ, ದೀಪ, ಬೀಡಿ, ಒಲೆ ಹತ್ತಿರ ಇರಕೂಡದು, ಕ್ಷಣದಲ್ಲಿ ಬೆಂಕಿ ಹತ್ತುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆ ಬೆರೆತಿರುತ್ತದೆ, ಅದು ಬೇಡ. ಹೊರತೆಗೆದು ಹತ್ತಿಬಟ್ಟೆಯ ಮೇಲಿಟ್ಟು ಮೇಲಿಂದ ಒತ್ತಿ ನೀರು ಹೀರಿಸಿ. ಉಜ್ಜಬೇಡಿ. ಕೈ ತಾಗುವುದಾದರೆ ಅಂಚಿಗೆ ಮಾತ್ರ ತಾಗಲಿ.

ಪೂಜೆ ನಿಲ್ಲಿಸಬೇಕಿಲ್ಲ. ನಾಣ್ಯಗಳನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ತಟ್ಟೆಯಲ್ಲಿಟ್ಟು, ಕುಂಕುಮ ಡಬ್ಬಿಗೆ ಹಚ್ಚಿ.

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ ಇದೆ. ಒಂದು ಕಡೆ ರಾಮ-ಸೀತೆ-ಲಕ್ಷ್ಮಣ-ಹನುಮಂತ. ಅಕ್ಕಿಕಾಳು ಎಳೆಯುತ್ತದೆ, ಕೋಟಿ ಬೆಲೆ ಅಂತ ಪರಿಚಯದವರು ಹೇಳ್ತಾರೆ. ಪರೀಕ್ಷೆಗೆ ಅಂತ 40 ಸಾವಿರ ಕೇಳಿದ್ದಾರೆ. (ಕಲಬುರಗಿ)

ಉತ್ತರ: ಆ 40 ಸಾವಿರ ಕೊಡಬೇಡಿ. ಕೊಟ್ಟಾಗಿದ್ದರೆ ಇವತ್ತೇ ಪೊಲೀಸ್ ಠಾಣೆಗೆ ಹೋಗಿ.

ಕಂಪನಿ ಸರ್ಕಾರ ರಾಮ, ಸೀತೆ, ಹನುಮಂತರ ಚಿತ್ರವಿರುವ ಇಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ಇವು ಬಹಳ ಈಚೆಗೆ ಹಿತ್ತಾಳೆ, ತಾಮ್ರದಲ್ಲಿ ಮಾಡಿ ಯಾತ್ರಾಸ್ಥಳಗಳಲ್ಲಿ ಮಾರಿದ ಬಿಲ್ಲೆಗಳು. 1616, 1717, 1818, 1839 ಎಂದು ಮನಸ್ಸಿಗೆ ಬಂದ ಇಸವಿ ಹಾಕಿರುತ್ತಾರೆ. ಕಂಪನಿಯ ಆಳ್ವಿಕೆಯ ಎಲ್ಲ ಕಡೆ ಒಂದೇ ರೂಪಾಯಿ ಬಂದದ್ದೇ 1835ರಲ್ಲಿ, ನಾಲ್ಕನೆಯ ವಿಲಿಯಂ ರಾಜನ ಮುಖದೊಂದಿಗೆ.

ಅಕ್ಕಿ ಎಳೆಯುವ ಆಟದ ಗುಟ್ಟು ಅಕ್ಕಿಯಲ್ಲಿದೆ. ಕಬ್ಬಿಣದ ನುಣುಪು ಪುಡಿ ಹತ್ತಿಸಿದ ಕಾಳು ತಂದಿರುತ್ತಾರೆ, ಬಿಲ್ಲೆಯ ಹಿಂದೆಯೋ ಒಳಗೋ ಅಯಸ್ಕಾಂತ ಇರುತ್ತದೆ. ನಿಮ್ಮ ಅಡುಗೆಮನೆಯ ಡಬ್ಬಿಯಿಂದ ನೀವೇ ಹಿಡಿ ಸೋನಾಮಸೂರಿ ತಂದು ಸುರಿದು ನೋಡಿ, ಒಂದು ಕಾಳೂ ಅಲುಗುವುದಿಲ್ಲ. ಪರೀಕ್ಷೆಯ ಶುಲ್ಕ, ವಿಜ್ಞಾನಿಯ ವಿಮಾನದ ಖರ್ಚು, ವಿಶೇಷ ಪೆಟ್ಟಿಗೆ ಎಂದು ಕಂತುಕಂತಾಗಿ ರೊಕ್ಕ ಕೀಳುವುದೇ ಇದರ ವ್ಯಾಪಾರ. ಕೊಳ್ಳುವವರು ಯಾವತ್ತೂ ಬರುವುದಿಲ್ಲ.

ಪ್ರಶ್ನೆ: ಹೊಲದಾಗ ಕುಂಟಿ ಹೊಡಿಯುವಾಗ ಆರು ತಾಮ್ರದ ದಪ್ಪ ಬಿಲ್ಲೆ ಸಿಕ್ಕಾವ. ಹಸಿರುಗಟ್ಟ್ಯಾವ. ಮ್ಯಾಲೆ ಅರಬ್ಬಿ ಥರ ಅಕ್ಷರ. ತೂಕ ಒಂದು 15.9 ಗ್ರಾಂ, ಉಳಿದವು 8ರ ಆಸುಪಾಸು. (ಚಿತ್ತಾಪುರ ತಾಲ್ಲೂಕು)

ಉತ್ತರ: ತೂಕ ಬರೆದಿದ್ದಕ್ಕೆ ಬಹಳ ಉಪಕಾರವಾಯಿತು. ಫೋಟೊ, ತೂಕ ಎರಡೂ ಬಹಮನಿಗಳ ತಾಮ್ರಕ್ಕೆ ಹೊಂದುತ್ತವೆ. 1347ರಲ್ಲಿ ಕಲಬುರಗಿಯಲ್ಲಿ ನೆಲೆಯಾದ ಆ ಮನೆತನ ಅಹಮದ್ ಷಾನ ಕಾಲದಲ್ಲಿ ಬೀದರಿಗೆ ಹೋಯಿತು. ಬೆಳ್ಳಿಯ ಟಂಕಗಳಲ್ಲಿ ಊರಿನ ಹೆಸರೂ ಬರುತ್ತದೆ: ಕಲಬುರಗಿಗೆ ಅಹಸನಾಬಾದ್, ಬೀದರಿಗೆ ಮುಹಮ್ಮದಾಬಾದ್. ತಾಮ್ರದ ಮೇಲೆ ಸಾಮಾನ್ಯವಾಗಿ ಸುಲ್ತಾನನ ಬಿರುದು, ಹೆಸರು, ತಂದೆಯ ಹೆಸರು ಇರುತ್ತವೆ. ಬೀದರ್ ಕಾಲದವುಗಳಲ್ಲಿ 'ಅಲ್-ವಲೀ ಅಲ್-ಬಹಮನೀ' ಎಂಬ ಮಾತು ಸಿಕ್ಕರೆ ಮನೆತನದ ಬಗ್ಗೆ ಅನುಮಾನವೇ ಉಳಿಯುವುದಿಲ್ಲ.

ಓದಲು ಕಷ್ಟವಾಗುವುದಕ್ಕೆ ಕಾರಣ ಸವೆತ ಮಾತ್ರವಲ್ಲ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಸುತ್ತಿಗೆಯ ಏಟು ಬಿದ್ದಾಗ ಬರಹದ ಒಂದು ಭಾಗ ಮಾತ್ರ ತಾಮ್ರದ ಮೇಲೆ ಮೂಡುತ್ತಿತ್ತು, ಉಳಿದದ್ದು ಹೊರಗೆ ಹೋಗುತ್ತಿತ್ತು. ನಿಮ್ಮಲ್ಲಿ ಒಂದೇ ಥರದವು ಐದು ಇರುವುದು ಅನುಕೂಲ. ಐದರ ಫೋಟೊಗಳನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಇಟ್ಟರೆ, ಒಂದರಲ್ಲಿ ತಪ್ಪಿದ ಪದ ಇನ್ನೊಂದರಲ್ಲಿ ಸಿಗುತ್ತದೆ. ನಾಗರಿಯಲ್ಲಿ 'ಶ್ರೀ ರಾಜಾ ಶಿವ' ಎಂದಿದ್ದರೆ ಅದು ಮರಾಠರ ಶಿವರಾಯಿ. ಅರಬ್ಬೀ ಲಿಪಿ ಇದ್ದೂ ಇನ್ನೂ ಒರಟಾಗಿದ್ದರೆ ನಿಜಾಮರ ಕಾಲದ ಕೈಯಚ್ಚಿನ ಪೈಸೆ ಇರಬಹುದು. ಆ ಕಾಲಕ್ಕೆ ನಾರಾಯಣಪೇಟೆ, ಸುರಪುರ, ಕಲ್ಯಾಣಗಳಲ್ಲೂ ನಾಣ್ಯ ಟಂಕಿಸಿದ್ದುಂಟು.

ಹಸಿರಿನ ವಿಷಯ. ಗಟ್ಟಿಯಾಗಿ, ನುಣುಪಾಗಿ ಅಂಟಿಕೊಂಡ ಕಡು ಹಸಿರು ಕಿಲುಬು ತಾಮ್ರವನ್ನು ಕಾಪಾಡುತ್ತದೆ, ಅದನ್ನು ಕೆರೆಯಬೇಡಿ. ತಿಳಿ ಹಸಿರಾಗಿ, ಮುಟ್ಟಿದರೆ ಹಿಟ್ಟಿನಂತೆ ಉದುರಿ, ವಾರದಲ್ಲಿ ಮತ್ತೆ ಬರುವುದಿದ್ದರೆ ಅದು ರೋಗ. ಮಣ್ಣಿನ ಉಪ್ಪಿನ ಅಂಶ ಗಾಳಿಯ ತೇವ ಸೇರಿ ತಾಮ್ರವನ್ನು ಒಳಗಿಂದ ತಿನ್ನುತ್ತದೆ. ಅಂಥದ್ದನ್ನು ಉಳಿದವುಗಳಿಂದ ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎರೆಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಮೂರು ದಿನ, ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಸಿ, ಚೂಪು ಮಾಡಿದ ಬಿದಿರುಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಸೂಜಿ, ಮೊಳೆ ಬೇಡ.

ಬೆಲೆ ದೊಡ್ಡದಲ್ಲ. ಬಹಮನಿ ತಾಮ್ರ ನಮ್ಮ ಭಾಗದಲ್ಲಿ ಹೇರಳ. ಸಾಧಾರಣ ಸ್ಥಿತಿಯದಕ್ಕೆ ನೂರು, ಇನ್ನೂರರ ಮಾತು. ಆದರೆ ಅದಕ್ಕೂ ಮೊದಲು ಕಾನೂನು ನೋಡಬೇಕು. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಕರ್ನಾಟಕದಲ್ಲಿ ಇದಕ್ಕೆಂದೇ 1962ರ ನಿಧಿ ಕಾಯ್ದೆ ಇದೆ. ತಹಸೀಲ್ದಾರರ ಕಚೇರಿಯಲ್ಲಿ ಅರ್ಜಿ ಕೊಟ್ಟು, ಸರ್ವೆ ನಂಬರ್, ದಿನಾಂಕ, ಎಷ್ಟು ಆಳದಲ್ಲಿ ಸಿಕ್ಕಿತು, ಪ್ರತಿಯೊಂದರ ತೂಕ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪಕ್ಕದಲ್ಲಿ ಮಡಕೆಯ ಚೂರು ಇದ್ದರೆ ಅಲ್ಲೇ ಬಿಡಿ, ಮತ್ತೆ ಅಗೆಯಬೇಡಿ. ಯಾವ ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದರಿಂದ ಇತಿಹಾಸ ತಿಳಿಯುತ್ತದೆ. ಆರು ಬಿಲ್ಲೆಗಿಂತ ಆ ಮಾಹಿತಿ ದೊಡ್ಡದು. ಓದಿಸಲು ಕಲಬುರಗಿಯ ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ.

ಪ್ರಶ್ನೆ: ಎರಡು ಕಲದಾರ (ಬ್ರಿಟಿಷ್ ಸರ್ಕಾರದ) ರೂಪಾಯಿ ಇವೆ. 1911ರದು ಬಹಳ ಬೆಲೆ ಅಂತಾರೆ. 1947ರದಕ್ಕೆ ಅಯಸ್ಕಾಂತ ಅಂಟುತ್ತದೆ, ನಕಲಿಯೇ? (ಸುರಪುರ)

ಉತ್ತರ: 1947ರದಕ್ಕೆ ಅಯಸ್ಕಾಂತ ಅಂಟಲೇಬೇಕು. ಆ ವರ್ಷದ ರೂಪಾಯಿ ಬೆಳ್ಳಿಯದಲ್ಲ, ನಿಕ್ಕಲ್. ಹಿಂದೆ ಹುಲಿಯ ಚಿತ್ರ. ಅಂಟದಿದ್ದರೆ ಚಿಂತಿಸಬೇಕಿತ್ತು.

1911ರದು ಐದನೆಯ ಜಾರ್ಜ್ ಪಟ್ಟಕ್ಕೆ ಬಂದಾಗಿನ ಮೊದಲ ರೂಪಾಯಿ. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಗಿಡ್ಡವಾಗಿ, ನೋಡಿದವರಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. ಟಂಕಿಸಿದ 94 ಲಕ್ಷದಲ್ಲಿ ಜನರ ಕೈಗೆ ಬಂದದ್ದು 7 ಲಕ್ಷ ಮಾತ್ರ, ಉಳಿದವನ್ನು ಕರಗಿಸಿದರು. 1912ರಿಂದ ಆನೆಗೆ ಸರಿಯಾದ ಸೊಂಡಿಲು ಬಂತು. ಆದ್ದರಿಂದ 'ಹಂದಿ ರೂಪಾಯಿ'ಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ ಇದೆ, ಆದ್ದರಿಂದಲೇ ನಕಲಿಯೂ ಇದೆ. ಸುಲಭದ ಮೋಸ ಅಂದರೆ ಮುಂದಿನ ವರ್ಷದ ಅಂಕಿಯನ್ನು ಕೆತ್ತಿ 1911 ಮಾಡುವುದು. ಇಸವಿ ತಿದ್ದಬಹುದು, ಆನೆಯನ್ನು ತಿದ್ದುವುದು ಕಷ್ಟ. ಇಸವಿ 1911 ಇದ್ದೂ ಸೊಂಡಿಲು ಉದ್ದವಾಗಿ ಇಳಿದಿದ್ದರೆ ಅದು ತಿದ್ದಿದ ನಾಣ್ಯ.

ಈಗ ನೀರಿನ ಪರೀಕ್ಷೆ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ನಾಣ್ಯವನ್ನು ಒಣಗಿದಂತೆ ತೂಗಿ ಬರೆದುಕೊಳ್ಳಿ. ಕಲದಾರ ರೂಪಾಯಿ 11.66 ಗ್ರಾಂ, ಸವೆದಿದ್ದರೆ 11.4ರವರೆಗೆ ಇಳಿಯಬಹುದು. ತಕ್ಕಡಿಯ ಮೇಲೆ ಮುಕ್ಕಾಲು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ನೈಲಾನ್ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಮೈಮೇಲೆ ಗಾಳಿಗುಳ್ಳೆ ಇರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಅಸಲಿ ರೂಪಾಯಿ (ಬೆಳ್ಳಿ ನೂರಕ್ಕೆ 91.7) 1.13ರ ಹತ್ತಿರ ತೋರಿಸುತ್ತದೆ, ಭಾಗಿಸಿದರೆ ಸುಮಾರು 10.3. ಜರ್ಮನ್ ಸಿಲ್ವರಿನ (ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ) ನಕಲಿಯಾದರೆ 1.34 ತೋರಿಸಿ ಉತ್ತರ 8.7ಕ್ಕೆ ಇಳಿಯುತ್ತದೆ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧವೇ, ಅಲ್ಲಿ 9.5ರ ಹತ್ತಿರ ಬಂದರೆ ಸರಿ. ಹಾಲಿ ರೂಪಾಯಿಗೆ 10.2. ತಪ್ಪಾಗುವುದು ಹೆಚ್ಚಾಗಿ ಗುಳ್ಳೆಯಿಂದ ಮತ್ತು ಫ್ಯಾನಿನ ಗಾಳಿಯಿಂದ. ಫ್ಯಾನ್ ನಿಲ್ಲಿಸಿ ಮೂರು ಸಲ ಮಾಡಿ.

ಎರಕದ ನಕಲಿಯನ್ನು ಕಣ್ಣಿನಿಂದಲೂ ಹಿಡಿಯಬಹುದು. ಅಕ್ಷರದ ಅಂಚು ಸಾಬೂನಿನಂತೆ ಜಾರಿರುತ್ತದೆ, ಚಿತ್ರ, ಅಕ್ಷರಗಳಿಲ್ಲದ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಒಂದು ಜೋಡಣೆಯ ಗೆರೆ ಓಡಿರುತ್ತದೆ.

ಹೀಗೆ ಲೆಕ್ಕ ಹಾಕುವಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕಲದಾರದಲ್ಲಿ 10.69 ಗ್ರಾಂ ಬೆಳ್ಳಿ, ಹಾಲಿಯಲ್ಲಿ 9.14. ಏಳು ಹಾಲಿಯ ಬೆಳ್ಳಿ ಆರು ಕಲದಾರದ ಬೆಳ್ಳಿಗೆ ಹೆಚ್ಚುಕಡಿಮೆ ಸಮ. 'ಏಳು ಹಾಲಿಗೆ ಆರು ಕಲದಾರ' ಎಂದು ಹಿರಿಯರು ಹೇಳುತ್ತಿದ್ದ ವಿನಿಮಯ ದರ ಅದೇ. 1959ರಲ್ಲಿ ಹಾಲಿ ಚಲಾವಣೆ ಮುಗಿಯುವವರೆಗೂ ಅದೇ ದರ ನಡೆಯಿತು.

ಇನ್ನೊಂದು ಮಾತು, ಬೇರೆ ಪತ್ರಗಳಿಗೂ ಸೇರಿ: 1862 ಎಂದಿರುವ ವಿಕ್ಟೋರಿಯಾ ರೂಪಾಯಿ ಹಳೆಯದೆಂದು ಅಪರೂಪವಲ್ಲ. 1862ರಿಂದ 1874ರವರೆಗೂ ಅದೇ ಇಸವಿ ಇಟ್ಟೇ ಟಂಕಿಸಿದರು. ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಅದೇ.

ಪ್ರಶ್ನೆ: ಅತ್ತೆಯವರು ಕೊಟ್ಟ ಪುತಳಿ ಸರದಲ್ಲಿ 21 ಪುತಳಿ ಇವೆ. ನಿಂತವನ ಮುಂದೆ ಒಬ್ಬ ಮೊಣಕಾಲೂರಿದ ಚಿತ್ರ. ಇವು ನಾಣ್ಯವೇ? ಮುರಿಸಿ ಬಳೆ ಮಾಡಿಸಬಹುದೇ? (ಬಸವಕಲ್ಯಾಣ)

ಉತ್ತರ: ಆ ಚಿತ್ರ ಇಟಲಿಯ ವೆನಿಸ್ ನಗರದ ಚಿನ್ನದ ಡಕೆಟ್ ನಾಣ್ಯದ್ದು. ಸಂತ ಮಾರ್ಕನ ಮುಂದೆ ಮೊಣಕಾಲೂರಿದವನು ಆ ನಗರದ ದೊರೆ. ಸಮುದ್ರ ವ್ಯಾಪಾರದಲ್ಲಿ ದಖ್ಖನಿಗೆ ಬಂದ ಡಕೆಟ್ಟಿನ ಚಿನ್ನ ಅಷ್ಟು ಶುದ್ಧವಾಗಿತ್ತು ಎಂದೇ ನಮ್ಮ ಪತ್ತಾರರು ಅದೇ ಚಿತ್ರವನ್ನು ಅಚ್ಚು ಮಾಡಿಕೊಂಡು ಪುತಳಿ ಹೊಡೆದರು. ಸರಗಳಲ್ಲಿ ಇರುವುದು ಹೆಚ್ಚಾಗಿ ಈ ಊರಿನ ಅಚ್ಚು. ವ್ಯತ್ಯಾಸ ಬರಹದಲ್ಲಿದೆ: ವೆನಿಸಿನದರಲ್ಲಿ ರೋಮನ್ ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತವೆ, ನಮ್ಮದರಲ್ಲಿ ಅಕ್ಷರಗಳು ಬರೀ ಕಡ್ಡಿ, ಚುಕ್ಕೆಗಳಾಗಿವೆ. ವೆನಿಸಿನದು 3.5 ಗ್ರಾಂ. ಕೊಂಡಿ ಬೆಸೆದಿದ್ದರೆ ಸಂಗ್ರಹಕಾರರ ಬೆಲೆ ಬಹುಪಾಲು ಹೋದಂತೆ, ಚಿನ್ನದ ಬೆಲೆ ಉಳಿಯುತ್ತದೆ. ಕೊಂಡಿಯನ್ನು ಈಗ ಕಿತ್ತರೆ ಗಾಯ ಇನ್ನೂ ದೊಡ್ಡದಾಗುತ್ತದೆ.

ಮುರಿಸಬೇಡಿ ಎಂಬುದೇ ನಮ್ಮ ಸಲಹೆ. ಬಿಡಿ ಪುತಳಿಗಿಂತ ಹಳೆಯ ಪೋಣಿಕೆಯ ಪೂರ್ತಿ ಸರಕ್ಕೆ ಬೆಲೆ, ಕರಗಿಸಿದರೆ ಬೆಸುಗೆಯ ಹೆಸರಲ್ಲಿ ತೂಕವೂ ಕಳೆಯುತ್ತಾರೆ.

ಪ್ರಶ್ನೆ: ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯ, ಟ್ರ್ಯಾಕ್ಟರ್ ಇರುವ 5 ರೂಪಾಯಿ ನೋಟು ಇವೆ. ಫೋನ್ ಮಾಡಿದವರು 10 ಲಕ್ಷ ಕೊಡ್ತೀವಿ, ಮೊದಲು ತೆರಿಗೆ ಕಟ್ಟಿ ಅಂತಾರೆ. (ಯಾದಗಿರಿ)

ಉತ್ತರ: ಆ ನಾಣ್ಯದ ಬೆಲೆ ಐದು ರೂಪಾಯಿ. ನೋಟಿನದೂ, ಮಡಿಕೆ ಇಲ್ಲದೆ ಹೊಸದಾಗಿದ್ದರೆ ಸ್ವಲ್ಪ ಹೆಚ್ಚು ಅಷ್ಟೇ. ಕೊಳ್ಳುವವರು ಮಾರುವವರಿಂದ ಮೊದಲು ರೊಕ್ಕ ಕೇಳುವ ವ್ಯವಹಾರ ಜಗತ್ತಿನಲ್ಲೆಲ್ಲೂ ಇಲ್ಲ. ರಿಸರ್ವ್ ಬ್ಯಾಂಕಿನ ಹೆಸರು, ಮುದ್ರೆ ತೋರಿಸಿ ಶುಲ್ಕ ಕೇಳುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಹೊರಡಿಸಿದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಯಲ್ಲಿ ತಿಳಿಸಿದರೆ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಸದ್ಯಕ್ಕೆ ಮಾರುವುದಿಲ್ಲ. ಮಕ್ಕಳ ಕಾಲಕ್ಕೆ ಉಳಿಯಬೇಕು. ಹೇಗೆ ಇಡಬೇಕು? (ಭಾಲ್ಕಿ)

ಉತ್ತರ: ಮೆತ್ತನೆಯ, ವಾಸನೆ ಬರುವ ಪ್ಲಾಸ್ಟಿಕ್ ಆಲ್ಬಂ ಬೇಡ. ಅದು ಪಿವಿಸಿ. ನಮ್ಮ ಕಡೆಯ 40 ಡಿಗ್ರಿ ದಾಟುವ ಬೇಸಿಗೆಗೆ ಅದು ಬೇಗ ಕೆಟ್ಟು ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಅಂಟಂಟು ಹಸಿರು ಕೂರುತ್ತದೆ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಬಿಡುತ್ತದೆ. ದಿನಪತ್ರಿಕೆ, ಬಣ್ಣದ ಬಟ್ಟೆಯೂ ಬೇಡ. ಪಾಲಿಯೆಸ್ಟರ್ ಹಾಳೆಯ ಗಟ್ಟಿ ಚೀಲಗಳು ನಾಣ್ಯದ ಅಂಗಡಿಗಳಲ್ಲಿ ಸಿಗುತ್ತವೆ, ಒಂದೊಂದಕ್ಕೆ ಒಂದೊಂದು. ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಮಳೆಗಾಲ ಮುಗಿದ ಮೇಲೆ ಜೆಲ್ ಬದಲಿಸಿ. ಬೆಳ್ಳಿ, ತಾಮ್ರ ಬೇರೆ ಬೇರೆ ಡಬ್ಬಿಯಲ್ಲಿರಲಿ.

ಪ್ರತಿ ಚೀಲದೊಳಗೆ ಒಂದು ಚೀಟಿ ಹಾಕಿ: ಏನು, ಇಸವಿ, ತೂಕ, ಯಾರಿಂದ ಬಂತು. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ನಾಣ್ಯಕ್ಕೆ ಹತ್ತುತ್ತದೆ. ನೂರು ವರ್ಷ ದಾಟಿದ ನಾಣ್ಯ ಕಾನೂನಿನಲ್ಲಿ ಪ್ರಾಚ್ಯವಸ್ತು. ಮಕ್ಕಳು ಹೊರದೇಶದಲ್ಲಿದ್ದರೆ ಅವರ ಕೈಯಲ್ಲಿ ಕಳಿಸುವಂತಿಲ್ಲ. ಊರಿನ ಮನೆಯಲ್ಲಿ ಅಥವಾ ಬ್ಯಾಂಕಿನ ಲಾಕರಿನಲ್ಲಿಡಿ, ಡಬ್ಬಿ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಡಿ.